ಮಂದ್ರ ಧ್ವನಿಗೆ ಎಂಥ ಪೆಟ್ಟಿಗೆ?

ಮಕ್ಕಳೇ, ಮಾಗಡಿಯ ರಂಗನಾಥಸ್ವಾಮಿ ತೇರಿನಲ್ಲೋ ರಾಮನಗರದ ಚಾಮುಂಡೇಶ್ವರಿ ಕರಗದಲ್ಲೋ ಕಂಬಕ್ಕೆ ಕಟ್ಟಿದ ಕಹಳೆಯಾಕಾರದ ಸ್ಪೀಕರನ್ನು ನೋಡಿರುತ್ತೀರಿ. ಮಾತು ಬಹುದೂರ ಕೇಳುತ್ತದೆ. ಆದರೆ ಅದೇ ಕಹಳೆಯಲ್ಲಿ ಡೊಳ್ಳಿನ ಸದ್ದು ತಗಡು ಬಡಿದಂತೆ ಕೇಳುತ್ತದೆ. ಏಕೆ?

ಮೊದಲು ಒಂದು ಪ್ರಯೋಗ. ಶಿಕ್ಷಕರ ನೆರವಿನಿಂದ ಸೆಲ್ ರೇಡಿಯೊಗೆ ಒಂದು ಬಿಡಿ ಸ್ಪೀಕರ್ ಜೋಡಿಸಿ. (ಮನೆಯ ಕರೆಂಟಿಗೆ ಸೇರಿಸಲೇಬೇಡಿ!) ಹಾಡು ಕೀಚಲಾಗಿ ಕೇಳುತ್ತದೆ. ಈಗ ದೊಡ್ಡ ರಟ್ಟಿನಲ್ಲಿ ಸ್ಪೀಕರಿನ ಅಳತೆಯ ತೂತು ಕೊರೆದು, ಅದಕ್ಕೆ ಸ್ಪೀಕರನ್ನು ಒತ್ತಿ ಹಿಡಿಯಿರಿ. ಧ್ವನಿ ತುಂಬಿಕೊಂಡಿತಲ್ಲವೇ? ಸ್ಪೀಕರಿನ ಕಾಗದದ ಶಂಕು ಮುಂದಕ್ಕೆ ಚಲಿಸಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ, ಹಿಂದಿನದು ವಿರಳವಾಗುತ್ತದೆ. ಮಂದ್ರ ಸ್ವರದಲ್ಲಿ ಕಂಪನ ನಿಧಾನ. ಹಾಗಾಗಿ ಎದುರಿನ ಗಾಳಿ ಅಂಚನ್ನು ಬಳಸಿ ಹಿಂದಕ್ಕೆ ನುಸುಳಿಬಿಡುತ್ತದೆ. ಎರಡೂ ಸೇರಿ ಧ್ವನಿ ಅಳಿಸಿಹೋಗುತ್ತದೆ. ರಟ್ಟು ಆ ದಾರಿಗೆ ಅಡ್ಡ. ಪೆಟ್ಟಿಗೆ ಮಾಡುವ ಮೊದಲ ಕೆಲಸವೂ ಇದೇ.

ಪೂರ್ತಿ ಮುಚ್ಚಿದ ಪೆಟ್ಟಿಗೆ ಕಟ್ಟಲು ಸುಲಭ. ಆದರೆ ಹಿಂಬದಿಯ ಧ್ವನಿ ಒಳಗೇ ವ್ಯರ್ಥ. ಸಾಮಾನ್ಯ ಸ್ಪೀಕರಿಗೆ 100 ವಾಟ್ ವಿದ್ಯುತ್ ಕೊಟ್ಟರೆ ಧ್ವನಿಯಾಗುವುದೇ ಸುಮಾರು 1 ವಾಟ್, ಉಳಿದದ್ದು ಶಾಖ! ಸಣ್ಣ ಆಂಪ್ಲಿಫೈಯರ್ ಇರುವ ಶಾಲೆಗೆ ಇದು ದುಬಾರಿ.

ಕಹಳೆಯಲ್ಲಿ ಇಷ್ಟು ನಷ್ಟವಿಲ್ಲ. ಅದರ ಕಿರಿದಾದ ಕೊರಳಿನಲ್ಲಿ ಗಾಳಿ ಪಕ್ಕಕ್ಕೆ ಜಾರದೆ ತಳ್ಳಿಸಿಕೊಳ್ಳುತ್ತದೆ. ಹತ್ತು ಪಟ್ಟು ಧ್ವನಿಯೂ ಸಿಗಬಹುದು. ತೊಂದರೆ ಗಾತ್ರದ್ದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 50 ಹರ್ಟ್ಜ್ ಸ್ವರದ ತರಂಗದೂರ 340 ÷ 50 = 6.8 ಮೀಟರ್. ಕಹಳೆಯ ಬಾಯಿಯ ಸುತ್ತಳತೆ ಹೆಚ್ಚುಕಡಿಮೆ ಅಷ್ಟಿರಬೇಕು, ಅಂದರೆ ಬಾಯಿ ಏಳಡಿ ಅಗಲ! ಕಂಬದ ಕಹಳೆಗೆ ಡೊಳ್ಳು ದಕ್ಕದಿರುವುದು ಇದಕ್ಕೇ.

ಅಮೆರಿಕದ ಪಾಲ್ ಕ್ಲಿಪ್ಶ್ 1940ರ ದಶಕದಲ್ಲಿ ಒಂದು ಜಾಣ ಉಪಾಯ ಮಾಡಿದರು. ಕಹಳೆಯನ್ನು ಪೆಟ್ಟಿಗೆಯೊಳಗೆ ಮಡಚಿಟ್ಟು, ಕೋಣೆಯ ಮೂಲೆಯ ಗೋಡೆಗಳನ್ನೇ ಅದರ ಬಾಯಿಯಂತೆ ಬಳಸಿಕೊಂಡರು. ಕಟ್ಟಲು ಮಾತ್ರ ನುರಿತ ಬಡಗಿಯೇ ಬೇಕು.

ನನ್ನ ಆಯ್ಕೆ ಮೂರನೆಯದು: ಕೊಳವೆಯಿರುವ ಪೆಟ್ಟಿಗೆ. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ಗುಂಯ್ ಎನ್ನುತ್ತದಲ್ಲವೇ? ಪೆಟ್ಟಿಗೆಯ ಕೊಳವೆಯೂ ಹಾಗೆಯೇ ಒಂದು ಮಂದ್ರ ಸ್ವರಕ್ಕೆ ಅನುರಣಿಸಿ, ಹಿಂಬದಿಯ ಧ್ವನಿಯನ್ನು ಮುಂದಿನದಕ್ಕೆ ಜೊತೆಗೂಡಿಸುತ್ತದೆ. ಆ ಸ್ವರಕ್ಕಿಂತ ಕೆಳಗೆ ಧ್ವನಿ ಬೇಗ ಕುಗ್ಗುತ್ತದೆ, ನಿಜ. ಡೊಳ್ಳಿಗೆ ಅಷ್ಟು ಸಾಕು. ಹಲಗೆ ಮಾತ್ರ ದಪ್ಪವಿರಲಿ. ತೆಳುವಾದರೆ ಪೆಟ್ಟಿಗೆಯೇ ಚನ್ನಪಟ್ಟಣದ ಗಿಲಕಿಯಂತೆ ಸದ್ದು ಮಾಡುತ್ತದೆ. ಅದನ್ನು ತರಗತಿಯ ಮೂಲೆಯಲ್ಲಿ ನೆಲದ ಮೇಲಿಡಿ. ಗೋಡೆಗಳ ನೆರವು ಪುಕ್ಕಟೆ.

ಈಗ ಬಾಟಲಿಗೆ ಅರ್ಧ ನೀರು ತುಂಬಿ ಮತ್ತೆ ಊದಿ. ಸ್ವರ ಏರಿತೇ, ಇಳಿಯಿತೇ? ಹಾಗಾದರೆ, ಕೊಳವೆ ಬದಲಿಸದೆ ಪೆಟ್ಟಿಗೆಯನ್ನು ಚಿಕ್ಕದು ಮಾಡಿದರೆ ಏನಾದೀತು?