ಸೆರಗಿನ ರೇಷ್ಮೆಗೆ ಬದಲಿ ಯಾವುದು?

ಇಳಕಲ್ ಸೀರೆಯ ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಎರಡನ್ನೂ ಕೊಂಡಿ ಹಾಕಿ ಕೂಡಿಸುವುದು ಅಲ್ಲಿಯ ನೇಕಾರರ ಪದ್ಧತಿ. ಕೆಲವರು ಸೆರಗಿಗೆ ಕೃತಕ ರೇಷ್ಮೆ, ಅಂದರೆ ಚಮಕಾ ಹಾಕುತ್ತಾರೆ. ಹಾಗಾದರೆ ಆಮದು ರೇಷ್ಮೆ, ನಾಡಿನ ರೇಷ್ಮೆ, ಚಮಕಾ ಒಂದಕ್ಕೊಂದು ಬದಲಿಯೇ? ಆಮದು ಸುಂಕದಲ್ಲಿ ರಿಯಾಯಿತಿ ಕೇಳಿದಾಗ ಈ ಪ್ರಶ್ನೆ ಏಳುತ್ತದೆ.

ಆಸ್ಟ್ರೇಲಿಯದ ಕಸ್ಟಮ್ಸ್ ಕಾಯಿದೆ ಇದನ್ನು ಬಿಡಿಸಿ ಹೇಳಿದೆ. ಅದೇ ಉಪಯೋಗಕ್ಕೆ ಬರುವ ಸರಕು ದೇಶದೊಳಗೆ ತಯಾರಾಗುತ್ತಿದ್ದರೆ ಅಲ್ಲಿ ರಿಯಾಯಿತಿ ಸಿಗದು. ಪೇಟೆಯಲ್ಲಿ ಅವೆರಡಕ್ಕೂ ಪೈಪೋಟಿ ಇದೆಯೇ ಎಂಬುದು ಲೆಕ್ಕಕ್ಕಿಲ್ಲ. ಬೆಲೆ ಬೇರೆ, ಗಿರಾಕಿ ಬೇರೆ ಎಂಬ ವಾದ ನಡೆಯದು. ಈ ಅಳತೆಯಲ್ಲಿ ಚಮಕಾ ಕೂಡ ರೇಷ್ಮೆಗೆ ಬದಲಿ ಎನಿಸೀತು. ಉಟ್ಟವರು ಒಪ್ಪುವುದು ಬೇರೆ ಮಾತು.

ಭಾರತದಲ್ಲಿ 1962ರ ಕಾಯಿದೆಯ 25ನೆಯ ಕಲಮಿನಂತೆ ಕೇಂದ್ರ ಸರ್ಕಾರ ಸಾರ್ವಜನಿಕ ಹಿತ ನೋಡಿ ವಿನಾಯಿತಿ ಕೊಡುತ್ತದೆ. 2011ರಲ್ಲಿ ಕಚ್ಚಾ ರೇಷ್ಮೆಯ ಸುಂಕ ಶೇ. 30ರಿಂದ 5ಕ್ಕೆ ಇಳಿಯಿತು. ನೇಕಾರರಿಗೆ ನೂಲು ಅಗ್ಗವಾಗುವ ಆಸೆ, ಗೂಡು ಬೆಳೆದವರಿಗೆ ಪೆಟ್ಟು. 2013ರಲ್ಲಿ ಅದನ್ನು ಶೇ. 15ಕ್ಕೆ ಏರಿಸಲಾಯಿತು.

ಬಾಗಲಕೋಟೆ, ಬಾದಾಮಿ, ಹುನಗುಂದ ಕಡೆಯ ರೇಷ್ಮೆ ಬೆಳೆಗಾರರು ಇಂಥ ಸಂದರ್ಭದಲ್ಲಿ ಮನವಿ ಬರೆದರೆ, ಬೆಲೆ ಕುಸಿಯಿತೆಂದಷ್ಟೇ ಹೇಳಿದರೆ ಸಾಲದು. ತಮ್ಮ ಗೂಡಿನ ನೂಲು ಮಗ್ಗದಲ್ಲಿ ಹಾಸಿಗೆ ಬರುತ್ತದೆಯೇ ಎಂಬುದನ್ನು ನೂಲು ಬಿಚ್ಚುವವರ ಹಾಗೂ ನೇಕಾರರ ಪತ್ರದೊಡನೆ ತೋರಿಸಬೇಕು. ದ್ವಿತಳಿ ಗೂಡಿನ ಉತ್ತಮ ನೂಲು ಹಾಸಿನ ಎಳೆತ ತಾಳುತ್ತದೆ. ಹೊಕ್ಕಿಗೆ ಮಾತ್ರ ಒದಗುವ ಮಿಶ್ರತಳಿ ನೂಲನ್ನು ಹಾಸಿನ ಆಮದು ರೇಷ್ಮೆಗೆ ಬದಲಿ ಎಂದು ವಾದಿಸುವುದು ಕಷ್ಟ.