ಮೊಳಕ್ಕೊಂದು ಕೊಸರು

ಮಗು,

ಹೋದ ಭಾನುವಾರ ಫೋನಿನಲ್ಲಿ ನೀನು ಗೋಳಾಡಿದ್ದು ಇನ್ನೂ ಕಿವಿಯಲ್ಲಿದೆ. "ಅಜ್ಜ, ವಾರಕ್ಕೊಂದು ಅಂಕಣ ಬರೀತೀನಿ ಅಂತ ಒಪ್ಕೊಂಡ್ಬಿಟ್ಟೆ. ಐದನೇ ವಾರಕ್ಕೇ ವಿಷಯ ಖಾಲಿ!" ನನಗೆ ನಗು ಬಂತು. ನನಗೆ ಮೂರನೇ ವಾರಕ್ಕೇ ಖಾಲಿಯಾಗಿತ್ತು. ಆಮೇಲೆ ಹದಿನೆಂಟು ವರ್ಷ ಬರೆದೆ. ಹೇಗೆ ಅಂತ ಹೇಳುವಷ್ಟರಲ್ಲಿ ನಿಮ್ಮಜ್ಜಿ ಊಟಕ್ಕೆ ಕೂಗಿದಳು. ಅದಕ್ಕೇ ಈ ಕಾಗದ.

ನೀನು ಕಳಿಸಿದ ಪಟ್ಟಿ ನೋಡಿದೆ. ಮಳೆ, ಅಮ್ಮ, ಬಾಲ್ಯ, ಯುಗಾದಿ, ಮಲ್ಲಿಗೆ. ಇವು ವಿಷಯಗಳಲ್ಲ ಕಣಮ್ಮ, ಡಬ್ಬಿಗಳ ಮೇಲೆ ಅಂಟಿಸುವ ಚೀಟಿಗಳು. ಡಬ್ಬಿಯೊಳಗೆ ಏನಿದೆ ಅಂತ ನೀನಿನ್ನೂ ಮುಚ್ಚಳ ತೆಗೆದು ನೋಡಿಲ್ಲ. 'ಮಲ್ಲಿಗೆ' ಅಂತ ತಲೆಬರಹ ಹಾಕಿಕೊಂಡು ಕೂತರೆ ನಾಲ್ಕನೇ ಸಾಲಿಗೆ ಕೆ.ಎಸ್. ನರಸಿಂಹಸ್ವಾಮಿಯವರು ಬಂದೇ ಬರುತ್ತಾರೆ. ಅವರ 'ಮೈಸೂರ ಮಲ್ಲಿಗೆ' ಪ್ರಕಟವಾದದ್ದು 1942ರಲ್ಲಿ. ಅಲ್ಲಿಂದೀಚೆಗೆ ಎಷ್ಟು ಜನ ಆ ದಾರಿ ಸವೆಸಿದ್ದಾರೋ! ನಾನೂ ಒಮ್ಮೆ ಸವೆಸಿದೆ. ಓದಿದ ಯಾರೂ ಒಂದು ಕಾರ್ಡು ಕೂಡ ಬರೆಯಲಿಲ್ಲ.

ಅದೇ ಮಲ್ಲಿಗೆ ಇನ್ನೊಂದು ಸಲ ಕೈಗೆ ಸಿಕ್ಕಿದ್ದು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ. ಒಂದು ಕಡೆ ಕುಳ್ಳನೆಯ ಮುದುಕಿ, ಪಕ್ಕದಲ್ಲೇ ಆರಡಿ ಎತ್ತರದ ಆಳು. ಇಬ್ಬರದೂ ಮೊಳಕ್ಕೆ ಒಂದೇ ರೇಟು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಹೂ ಹಿಡಿದು ಅಳೆಯುವುದು. ಆಳಿನ ಮೊಳ ಮುದುಕಿಯದಕ್ಕಿಂತ ಮೂರು ಬೆರಳಾದರೂ ಉದ್ದ. ಆದರೆ ಗಿರಾಕಿಗಳೆಲ್ಲ ಮುದುಕಿಯ ಮುಂದೆಯೇ. ನನಗೆ ಲೆಕ್ಕ ಹತ್ತಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸನ್ನು ಕೇಳಿಯೇಬಿಟ್ಟೆ. "ಅವನ ಕೈ ಉದ್ದ, ಕಟ್ಟು ಸಡಿಲ ಸ್ವಾಮಿ. ಈಯಮ್ಮ ಒತ್ತಾಗಿ ಕಟ್ತಾರೆ" ಅಂದಳು. ಉದ್ದವನ್ನೇ ನೋಡುತ್ತಿದ್ದ ನನ್ನ ಕಣ್ಣಿಗೆ ಕಟ್ಟು ಕಂಡೇ ಇರಲಿಲ್ಲ.

ಆ ವಾರ ಅದನ್ನೇ ಬರೆದೆ. ಮೆಟ್ರಿಕ್ ಅಳತೆಗೆ ಕಾಯಿದೆಯಾದದ್ದು 1956ರಲ್ಲಿ, ಬಟ್ಟೆ ಗಜ ಬಿಟ್ಟು ಮೀಟರಿಗೆ ಬಂತು, ಹೂವು ಮಾತ್ರ ಇನ್ನೂ ಮೊಳ ಬಿಟ್ಟಿಲ್ಲ ಅಂತ. ಅದನ್ನು ಓದಿ ಉಡುಪಿ ಕಡೆಯ ಗೆಳೆಯ ಜಗಳಕ್ಕೆ ಬಂದ: "ನಮ್ಮಲ್ಲಿ ಮೊಳವೂ ಇಲ್ಲ ಗಿಳವೂ ಇಲ್ಲ ಮಾರಾಯ್ರೆ, ಎಣಿಕೆ!" ಅಲ್ಲಿಯ ಶಂಕರಪುರದ ಮಲ್ಲಿಗೆಗೆ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200 ಹೂವು, ಬಾಳೆನಾರಿನಲ್ಲಿ ಕಟ್ಟಿದ್ದು. ಅಷ್ಟು ಮೊಗ್ಗನ್ನು ದಿನಾ ಎಣಿಸುವ ಬೆರಳುಗಳು ಯಾರವು? ಎಣಿಸುತ್ತಾ ಮಾತಾಡುತ್ತಾರೋ, ಬಾಯಿ ಮುಚ್ಚಿಕೊಂಡಿರುತ್ತಾರೋ? ನೋಡು, ಮುಂದಿನ ವಾರದ್ದು ತಾನಾಗಿ ಮನೆಗೆ ಬಂತು. ಗೊತ್ತಿದ್ದದ್ದನ್ನು ಬರೆಯಲು ಹೋದಾಗ ಬರಗಾಲ, ಗೊತ್ತಿಲ್ಲದ್ದನ್ನು ಕೇಳಲು ಹೋದಾಗ ಸುಗ್ಗಿ. ನನ್ನ ಹದಿನೆಂಟು ವರ್ಷದ ಗುಟ್ಟು ಇಷ್ಟೇ.

ದೊಡ್ಡವರು ಮಾಡಿದ್ದೂ ಇದನ್ನೇ. ಬಿ.ಜಿ.ಎಲ್. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದವರು. ನಾವು ದಿನಾ ತಿನ್ನುವ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ ಎಲ್ಲಿಂದ ಬಂದವು ಅಂತ ಕೇಳಿಕೊಂಡರು. 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಹುಟ್ಟಿತು. ಪಾವೆಂ ಆಚಾರ್ಯರಿಗೆ ಬಾಯಿಗೆ ಬರುವ ಒಂದೊಂದು ಪದವೂ ಒಂದೊಂದು ಪತ್ತೇದಾರಿ ಕತೆಯಾಗಿತ್ತು. ಇನ್ನು ಪುತ್ತೂರಿನ 'ಅಡಿಕೆ ಪತ್ರಿಕೆ'. 1988ರಿಂದ ಅದರಲ್ಲಿ ರೈತರೇ ಬರೆಯುತ್ತಾ ಬಂದಿದ್ದಾರೆ. ತೋಟದಲ್ಲಿ ಕೈ ಕೆಸರು ಮಾಡಿಕೊಂಡವನಿಗೆ ವಿಷಯಕ್ಕೆ ಬರ ಅನ್ನುವುದನ್ನು ನಾನು ಕೇಳಿಲ್ಲ. ಬಿಡುವಿಗೆ ಬರ, ಅಷ್ಟೇ.

ಕುರ್ಚಿಯಲ್ಲೇ ಕೂತು ಬರೆದರೆ ಏನಾಗುತ್ತದೆ ಅನ್ನುವುದಕ್ಕೂ ನನ್ನಲ್ಲಿ ಒಂದು ಕತೆಯಿದೆ. ಒಮ್ಮೆ ಬಹಳ ಭಾವುಕನಾಗಿ "ಮುಂಗಾರಿನ ಮೊದಲ ಹನಿ ಬಿದ್ದೊಡನೆ ಹುರುಳಿ ಬಿತ್ತುವ ರೈತ" ಅಂತ ಬರೆದುಬಿಟ್ಟೆ. ಮೂರನೇ ದಿನ ಕಾರ್ಡು ಬಂತು: "ಹುರುಳಿ ಬಿತ್ತೋದು ಮಳೆಗಾಲ ಹಿಂದಾದ ಮೇಲೆ ಸಾರ್. ಪುರುಸೊತ್ತಾದಾಗ ಬನ್ನಿ, ಹೊಲ ತೋರಿಸ್ತೀನಿ." ನಾಚಿಕೆಯಿಂದ ಎರಡು ದಿನ ಯಾರಿಗೂ ಮುಖ ತೋರಿಸಲಿಲ್ಲ. ಮೂರನೇ ದಿನ ಬಸ್ಸು ಹತ್ತಿದೆ. ಆ ಮನುಷ್ಯ ಬದುವಿನ ಮೇಲೆ ಕೂರಿಸಿ ಹುರುಳಿ ಕಟ್ಟಿನ ಸಾರು, ಮುದ್ದೆ ಹಾಕಿದ. ವಾಪಸು ಬರುವಾಗ ಚೀಲದಲ್ಲಿ ಮೂರು ವಾರಕ್ಕಾಗುವಷ್ಟು ಸರಕಿತ್ತು, ಜೊತೆಗೆ ಎರಡು ಸೇರು ಹುರುಳಿ.

ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೋ, ಕೈಚೀಲದಲ್ಲಿ ಹಿಡಿಸುವಂಥದ್ದು. ಅದರಲ್ಲಿ ನಿನ್ನ ಆಲೋಚನೆ ಬರೆಯಬೇಡ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಕೇಳಿದ ಮಾತು ಬರೆದುಕೋ, ಅದು ಸಂಜೆಯೊಳಗೆ ಮಾಯ. "ಒತ್ತಾಗಿ ಕಟ್ತಾರೆ" ಅನ್ನುವುದನ್ನು ನಾನು ಅಲ್ಲೇ ಬಸ್ ಟಿಕೆಟಿನ ಹಿಂದೆ ಗೀಚಿಕೊಳ್ಳದಿದ್ದರೆ, ಮನೆಗೆ ಬಂದು "ದಟ್ಟವಾಗಿ ಪೋಣಿಸುತ್ತಾರೆ" ಅಂತ ಬರೆದು ಕೆಡಿಸುತ್ತಿದ್ದೆ. ಫೋಟೊ ತೆಗೆಯುವ ಚಪಲ ಸ್ವಲ್ಪ ಕಡಿಮೆ ಮಾಡು. ಮೊಬೈಲು ಎತ್ತಿದೊಡನೆ ಜನ ಸೆರಗು ಸರಿಮಾಡಿಕೊಂಡು ಕೂರುತ್ತಾರೆ, ಮಾತು ನಿಂತುಹೋಗುತ್ತದೆ.

ಯುಗಾದಿಗೆ ಬೇವುಬೆಲ್ಲ, ದೀಪಾವಳಿಗೆ ಬೆಳಕು ಅಂತ ಬರೆಯಲು ಯಾರಾದರೂ ಹೇಳಿದರೆ ಮೈಗೆ ಹುಷಾರಿಲ್ಲ ಅನ್ನು.

ಮುಂದಿನ ಶನಿವಾರ ಮೈಸೂರಿಗೆ ಬರುತ್ತೀಯಲ್ಲ, ಬೆಳಿಗ್ಗೆ ಏಳಕ್ಕೇ ಮಾರುಕಟ್ಟೆಗೆ ಹೋಗು. ಆ ಮುದುಕಿ ಈಗಿಲ್ಲ, ಅದೇ ಜಾಗದಲ್ಲಿ ಮಗಳು ಕೂರುತ್ತಾಳೆ. ಅಮ್ಮನ ಹಾಗೇ ಮೊಳ ಅಳೆದು ಕತ್ತರಿಸುವ ಮುಂಚೆ ನಾಲ್ಕು ಬೆರಳು ಹೂವನ್ನು ಕೊಸರು ಅಂತ ಸೇರಿಸುತ್ತಾಳೆ. ಯಾರೂ ಕೇಳದಿದ್ದರೂ ಸೇರಿಸುತ್ತಾಳೆ. ಯಾಕೆ ಅಂತ ನಾನು ಇದುವರೆಗೂ ಕೇಳಿಲ್ಲ. ನಿನಗೋಸ್ಕರ ಬಿಟ್ಟಿದ್ದೇನೆ. ಬರುವಾಗ ನಿಮ್ಮಜ್ಜಿಗೆ ಎರಡು ಮೊಳ ತಾ.