ಗಮನದ ಮಾತ್ರೆ: ಕೊಡುವ ಮುನ್ನ, ಕೊಟ್ಟ ಮೇಲೆ

ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಗುವಿಗೆ ಡಾಕ್ಟರು ಮಿಥೈಲ್‌ಫೆನಿಡೇಟ್ ಬರೆದುಕೊಟ್ಟರೆ ಅಪ್ಪ–ಅಮ್ಮನ ಮನಸ್ಸು ನೇರ ಮಾರ್ಕ್ಸ್ ಕಡೆಗೆ ಓಡುತ್ತದೆ. ಈ ಮಾತ್ರೆ ಗಮನ ನಿಲ್ಲಲು ನೆರವಾಗುತ್ತದೆ. ಪಾಠವನ್ನು ತಲೆಗೆ ತುಂಬುವುದಿಲ್ಲ. ಅಮೆರಿಕದಲ್ಲಿ 7ರಿಂದ 12 ವರ್ಷದ 173 ಮಕ್ಕಳ ಮೇಲೆ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಔಷಧಿ ಪಡೆದಾಗ ಮಕ್ಕಳು ಹೆಚ್ಚು ಲೆಕ್ಕ ಬಿಡಿಸಿದರು, ಗಲಾಟೆ ತಗ್ಗಿತು. ಹೊಸ ಪಾಠ ಕಲಿಯುವುದರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ಮೊದಲು ಸರಿಯಾದ ತಪಾಸಣೆ. ಟೀಚರ್ ದೂರೊಂದೇ ಸಾಲದು. ಅಕ್ಷರ ಕೂಡಿಸಿ ಓದುವ ತೊಂದರೆಯೂ ಇದ್ದರೆ ಅದಕ್ಕೆ ಬೇರೆ ತರಬೇತಿಯೇ ಬೇಕು. ಬೆಂಗಳೂರಿನ ರಾಜಾಜಿನಗರ, ಕೆಂಗೇರಿ ಕಡೆಯವರು ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ತೋರಿಸಬಹುದು. ಮನೆತನದಲ್ಲಿ ಹೃದಯದ ಕಾಯಿಲೆ ಇದ್ದರೆ ಮುಚ್ಚಿಡದೆ ಹೇಳಿ.

ಇದು ಶೆಡ್ಯೂಲ್ ಎಕ್ಸ್ ಔಷಧಿ. ಚೀಟಿ ಎರಡು ಪ್ರತಿ ಬೇಕು, ಒಂದು ಅಂಗಡಿಯಲ್ಲೇ ಉಳಿಯುತ್ತದೆ. ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಸಿಗದು. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ವಿಚಾರಿಸಿ.

ಇನ್ನು ಮನೆಯ ಕೆಲಸ. ಇದು ಹಸಿವನ್ನು ತಗ್ಗಿಸುವ ಔಷಧಿ, ಮಧ್ಯಾಹ್ನದ ಟಿಫಿನ್ ಬಾಕ್ಸ್ ತುಂಬಿದ್ದು ತುಂಬಿದಂತೆ ವಾಪಸ್ ಬಂದೀತು. ಗದರಬೇಡಿ. ಬೆಳಗ್ಗೆ ಹೊಟ್ಟೆ ತುಂಬ ತಿಂಡಿ ತಿನ್ನಿಸಿ ಮಾತ್ರೆ ಕೊಡಿ, ಹಸಿವು ಮರಳುವ ರಾತ್ರಿ ಮುದ್ದೆ–ಸಾರು ಬಡಿಸಿ. ಸಂಜೆ ಹೊತ್ತಿಗೆ ಕೊಟ್ಟರೆ ನಿದ್ದೆ ಕೆಡುತ್ತದೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕು. ಮಾತ್ರೆಯ ಹೊತ್ತು, ಊಟ, ನಿದ್ದೆ, ಸಿಡಿಮಿಡಿ ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಆರು ತಿಂಗಳಿಗೊಮ್ಮೆ ಎತ್ತರ, ತೂಕ ಅಳೆಸಿ.

ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ರಜೆಯ ದಿನ ಮಗುವಿಗೆ ಕಷ್ಟವೆನಿಸುವ ವಿಷಯವನ್ನು ಆ ಹೊತ್ತಿನಲ್ಲೇ ಓದಿಸಿ. ಇಪ್ಪತ್ತು ನಿಮಿಷ ಓದಲಿ, ಪುಸ್ತಕ ಮುಚ್ಚಿ ತನ್ನ ಮಾತಿನಲ್ಲೇ ಹೇಳಲಿ. ಮರುದಿನ ಅದನ್ನೇ ಮತ್ತೆ ಕೇಳಿ. ಕಲಿಕೆ ನಡೆಯುವುದು ಇಲ್ಲಿ.

ಹಂಪಿನಗರದ ಗ್ರಂಥಾಲಯದಲ್ಲಿ, ವಿಜಯನಗರದ ಕೋಚಿಂಗ್ ಸೆಂಟರ್‌ಗಳಲ್ಲಿ ಕೆಎಎಸ್, ಐಎಎಸ್‌ಗೆ ಓದುತ್ತಿರುವ ತಮ್ಮ–ತಂಗಿಯರಿಗೂ ಒಂದು ಮಾತು. ಎಡಿಎಚ್‌ಡಿ ಇಲ್ಲದ 40 ಮಂದಿಗೆ ಇಂಥ ಔಷಧಿಗಳನ್ನು ಕೊಟ್ಟು ಕಠಿಣ ಲೆಕ್ಕ ಬಿಡಿಸಲು ಹೇಳಿದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ಶ್ರಮ ಹೆಚ್ಚಿತು, ಆದರೆ ಆ ಶ್ರಮದ ಗುಣಮಟ್ಟ ಕುಸಿಯಿತು. ಗೆಳೆಯರ ಮಾತ್ರೆ ಕೇಳಿ ಪಡೆಯಬೇಡಿ. ಓದಲು ಕೂತರೆ ಮನಸ್ಸು ನಿಲ್ಲುತ್ತಿಲ್ಲವೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.